ತಿಂಗಳ ಅಳತೆಯಲ್ಲಿ ಸಿಗದ ಸಿದ್ರಾಮ

ಪತ್ರಕರ್ತರಾಗಬೇಕೆಂದು ನನ್ನನ್ನು ಹುಡುಕಿಕೊಂಡು ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಸರ್, ನೀವು ಯಾವ್ಯಾವ ದೊಡ್ಡ ಸುದ್ದಿ ಮಾಡೀರಿ?" ನಾನು ಗೋಡೆಗೆ ನೇತು ಹಾಕಿರುವ ಕಟ್ಟಿಗೆಯ ಫೂಟಪಟ್ಟಿ ತೋರಿಸುತ್ತೇನೆ. "ಮಾಡಿಲ್ಲಪ್ಪಾ, ಬರೇ ಅಳದೀನಿ" ಅನ್ನುತ್ತೇನೆ. ಮುದುಕನಿಗೆ ಅರಳು ಮರಳು ಎಂದುಕೊಂಡು ಅವರು ಚಹಾ ಕುಡಿದು ಎದ್ದು ಹೋಗುತ್ತಾರೆ. ಹೋಗಲಿ, ಅವರಿಗೆ ಬಾಯಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ನಿವೃತ್ತನಾದವನಿಗೆ ಬರೆಯಲು ಪುರಸೊತ್ತಿರುತ್ತದೆ, ತಿದ್ದಲು ಮೇಲೆ ಯಾರೂ ಇರುವುದಿಲ್ಲ.

ನನ್ನ ಹೆಸರು ದಸ್ತಗೀರ ಮುಲ್ಲಾ, ಊರು ಚಿಕ್ಕೋಡಿ. ಒಂದು ಕನ್ನಡ ದಿನಪತ್ರಿಕೆಗೆ ಮೂವತ್ತು ವರ್ಷಕ್ಕೂ ಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸುದ್ದಿ ಕಳಿಸಿದೆ. ಆ ಪತ್ರಿಕೆ ಈಗ ಮುಚ್ಚಿದೆ, ಆದ್ದರಿಂದ ಅದರ ಹೆಸರು ಬೇಡ. ಬಡ್ತಿ ಗಿಡ್ತಿ ನನ್ನ ಕಡೆ ತಲೆ ಹಾಕಲಿಲ್ಲ. ಸೇರಿದಾಗಲೂ ವರದಿಗಾರ, ಬಿಟ್ಟಾಗಲೂ ವರದಿಗಾರ.

ನಮ್ಮ ಕಾಲದಲ್ಲಿ ಸುದ್ದಿ ಬಸ್ಸಿನಲ್ಲಿ ಹೋಗುತ್ತಿತ್ತು. ಬರೆದದ್ದನ್ನು ಲಕೋಟೆಗೆ ಹಾಕಿ, ಅಂಟು ಹಚ್ಚಿ, ಮಧ್ಯಾಹ್ನದ ಬೆಳಗಾವಿ ಬಸ್ಸಿನ ಡ್ರೈವರನ ಕೈಗೆ ಕೊಡಬೇಕು. ಅವನು ಅದನ್ನು ಮುಂದಿನ ಗಾಜಿನ ಹತ್ತಿರ, ದೇವರ ಫೋಟೋದ ಹಿಂದೆ ಸಿಗಿಸಿಕೊಳ್ಳುತ್ತಿದ್ದ. ಆ ಕಡೆ ಬೆಳಗಾವಿ ಸ್ಟ್ಯಾಂಡಿನಲ್ಲಿ ಆಫೀಸಿನವರು ಬಂದು ಇಸಿದುಕೊಳ್ಳುತ್ತಿದ್ದರು. ಒಮ್ಮೆ ಅವಸರದಲ್ಲಿ ನಾನು ಲಕೋಟೆಯನ್ನು ಮಿರಜ್ ಬಸ್ಸಿಗೆ ಕೊಟ್ಟುಬಿಟ್ಟೆ. ಸುದ್ದಿ ಮಹಾರಾಷ್ಟ್ರ ತಿರುಗಿ ಮೂರು ದಿನದ ಮೇಲೆ ಬೆಳಗಾವಿ ಮುಟ್ಟಿತು. ಕರೋಶಿಯಲ್ಲಿ ಮುಗಿದು ಹೋಗಿದ್ದ ರೈತರ ಸಭೆಗೆ "ನಾಳೆ ಎಲ್ಲರೂ ಬರಬೇಕು" ಎಂದು ಅಚ್ಚಾಯಿತು. ಹತ್ತು ಹನ್ನೆರಡು ಮಂದಿ ನಿಜವಾಗಿಯೂ ಹೋಗಿದ್ದರಂತೆ. ಕರೋಶಿಯವರು ಎಷ್ಟೋ ವರ್ಷ ನನ್ನನ್ನು ಕಂಡಾಗಲೆಲ್ಲ "ಮುಲ್ಲಾ ಸಾಹೇಬ್ರ, ನಾಳೆ ಏನೈತ್ರಿ?" ಎಂದು ಕಾಲೆಳೆಯುತ್ತಿದ್ದರು.

ಈಗ ಸುದ್ದಿ ಕಣ್ಣು ಪಿಳುಕಿಸುವಷ್ಟರಲ್ಲಿ ಹೋಗುತ್ತದೆ. ಒಳ್ಳೆಯದೇ. ಆದರೆ ಆ ಬಸ್ಸು ಸ್ಟ್ಯಾಂಡಿನಿಂದ ಹೊರಬಿದ್ದು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಲ್ಲುತ್ತಿದ್ದೆನಲ್ಲ, ಆ ಐದು ನಿಮಿಷ ಈಗಲೂ ನೆನಪಾಗುತ್ತದೆ. ನಾನು ಬರೆದದ್ದು ಹೊರಟಿತು, ಇನ್ನು ಯಾರೋ ಓದುತ್ತಾರೆ ಅನ್ನುವ ಹಿಗ್ಗು ಅದು. ಒಂದು ಬಟನ್ ಒತ್ತಿದರೆ ಆ ಹಿಗ್ಗು ಬರುವುದಿಲ್ಲ ಮಕ್ಕಳೇ, ನಾನು ಒತ್ತಿ ನೋಡಿದ್ದೇನೆ.

ಲಕೋಟೆ ಕಳಿಸಿದ ಮೇಲೆ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಜಾಧವ ಕಾಯುತ್ತಿರುತ್ತಿದ್ದ. ವಿಠ್ಠಲ ಜಾಧವ, ನಿಪ್ಪಾಣಿಯವನು, ಒಂದು ಮರಾಠಿ ಪತ್ರಿಕೆಯ ವರದಿಗಾರ. ವಾರಕ್ಕೆ ಎರಡು ಸಲ ನಾವು ಸುದ್ದಿ ಅದಲು ಬದಲು ಮಾಡಿಕೊಳ್ಳುತ್ತಿದ್ದೆವು. ಅದಕ್ಕೆ ಅವನು ಮರಾಠಿಯಲ್ಲಿ ದೇವಾಣ-ಘೇವಾಣ ಅನ್ನುತ್ತಿದ್ದ. ನಾನು ಕಾರ್ಬನ್ ಇಟ್ಟು ಬರೆದ ರಾಯಬಾಗ, ಅಥಣಿಯ ಸುದ್ದಿಯ ಪ್ರತಿ ಅವನಿಗೆ. ನಿಪ್ಪಾಣಿ ಮತ್ತು ಗಡಿಯಾಚೆಯ ಅವನ ಪ್ರತಿ ನನಗೆ. ಗಡಿ ಭಾಗದಲ್ಲಿ ವರದಿಗಾರರು ಬದುಕಿದ್ದೇ ಹೀಗೆ. ವೇದಿಕೆಯ ಮೇಲೆ ಭಾಷೆಗಾಗಿ ಭಾಷಣ ಬಿಗಿಯುವವರ ಸುದ್ದಿಯನ್ನೂ ನಾವಿಬ್ಬರೂ ಒಂದೇ ತಟ್ಟೆಯ ಭಜಿ ತಿನ್ನುತ್ತ ಬರೆಯುತ್ತಿದ್ದೆವು.

ಇದರಿಂದ ಒಮ್ಮೆ ಫಜೀತಿಯೂ ಆಯಿತು. ಕೃಷ್ಣೆಗೆ ಮಹಾಪೂರ ಬಂದಿತ್ತು. ಮೇಲಿನವರು ನೀರು ಬಿಟ್ಟದ್ದಕ್ಕೆ ನಾವು ಮುಳುಗಿದೆವು ಎಂದು ನಮ್ಮ ಕಡೆ ಕೂಗು, ಕೆಳಗಿನವರು ನೀರು ತಡೆದದ್ದಕ್ಕೆ ನಾವು ಮುಳುಗಿದೆವು ಎಂದು ಅವರ ಕಡೆ ಕೂಗು. ಜಾಧವನ ಪ್ರತಿಯನ್ನು ಕನ್ನಡಕ್ಕೆ ತಿರುಗಿಸುವಾಗ ಅವನು "ನಮ್ಮ ರಾಜ್ಯ" ಎಂದು ಬರೆದದ್ದನ್ನು ನಾನು ಹಾಗೆಯೇ ಬಿಟ್ಟುಬಿಟ್ಟೆ. ಮರುದಿನ ಅಪ್ಪಟ ಕನ್ನಡ ಪತ್ರಿಕೆಯಲ್ಲಿ "ಕೆಳಗಿನ ರಾಜ್ಯದವರು ನೀರು ತಡೆದು ನಮ್ಮ ರಾಜ್ಯವನ್ನು ಮುಳುಗಿಸುತ್ತಿದ್ದಾರೆ" ಎಂದು ಬಂತು! ಬೆಳಗಾವಿಯಿಂದ ನಮ್ಮ ಸಂಪಾದಕರು ಫೋನ್ ಮಾಡಿ ಬಹಳ ಶಾಂತವಾಗಿ ಕೇಳಿದರು, "ಮುಲ್ಲಾ, ನಿಮ್ಮ ರಾಜ್ಯ ಯಾವುದ್ರಿ?" ನಾನು ಮೂರು ದಿನ ಸ್ಟ್ಯಾಂಡಿನ ಕಡೆ ಹಾಯಲಿಲ್ಲ. ಜಾಧವ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ಸಂಪಾದಕರೇ ದೇಸಾಯಿ ಸರ್. ಫೂಟಪಟ್ಟಿಯ ವಿದ್ಯೆ ಕಲಿಸಿದವರು ಅವರು. ಪ್ರತಿ ತಿಂಗಳ ಕೊನೆಯ ದಿನ ನಾನು ಒಂದು ಕನ್ನಡ, ಒಂದು ಮರಾಠಿ, ಒಂದು ಇಂಗ್ಲಿಷ್ ಪತ್ರಿಕೆಯ ಇಡೀ ತಿಂಗಳ ಮುಖಪುಟಗಳನ್ನು ನೆಲದ ಮೇಲೆ ಹರಡಿಕೊಂಡು ಕೂಡಬೇಕು. ಯಾವ ವಿಷಯ ಎಷ್ಟು ಜಾಗ ತಿಂದಿದೆ ಎಂದು ಅಳೆದು ಬರೆಯಬೇಕು. ರಾಜಕೀಯ, ಆಟ, ಸಿನಿಮಾ, ಅಪರಾಧ, ಬೆಲೆ ಏರಿಕೆ, ಎಲ್ಲಕ್ಕೂ ಒಂದೊಂದು ಮನೆ. ಕೊನೆಯ ಮನೆಯ ಹೆಸರು "ಇತರೆ". ಮೂರೂ ಭಾಷೆ ಓದಬಲ್ಲೆ ಎಂದು ಈ ಕೆಲಸ ನನ್ನ ಕೊರಳಿಗೆ ಬಿತ್ತು. "ಇದರಿಂದ ಏನ್ರೀ ಸರ್ ಉಪಯೋಗ?" ಎಂದು ಕೇಳಿದ್ದೆ.

ಅವರು ಕನ್ನಡಕ ಒರೆಸುತ್ತ, "ದೇಶ ಈ ತಿಂಗಳು ಏನ ಮಾತಾಡ್ತು ಅಂತ ಎಲ್ಲಾರೂ ಹೇಳ್ತಾರ. ದೇಶದ ಬಾಯಾಗ ನಾವ ಏನ ತುರುಕಿದಿವಿ ಅಂತ ನಮಗರೆ ಗೊತ್ತಿರ್ಲಿ. ಮತ್ತ ಆ ಕಡೀ ಮನಿ ಐತೆಲ್ಲಾ, ಇತರೆ, ಅದನ್ನ ಚಂದಂಗ ನೋಡ್ರಿ. ಮನಶ್ಯಾರು ಅಲ್ಲೇ ಇರ್ತಾರ" ಅಂದರು.

ನಿಜವೇ ಆಗಿತ್ತು. ನನ್ನ ಸೀಮೆಯೆಲ್ಲ ಆ ಇತರೆಯೊಳಗೇ ಇತ್ತು. ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳ ಕೆಮ್ಮು, ಅಥಣಿಯ ಚಪ್ಪಲಿ ಹೊಲಿಯುವವರ ಬೆನ್ನು ನೋವು, ಏಕಸಂಬಿಯಲ್ಲಿ ಮಾಸ್ತರರು ವರ್ಗವಾದಾಗ ಬಸ್ಸಿಗೆ ಅಡ್ಡ ಮಲಗಿದ ಮಕ್ಕಳು, ಎಲ್ಲ ಸೇರಿ ತಿಂಗಳಿಗೆ ಒಂದು ಗೇಣೂ ಆಗುತ್ತಿರಲಿಲ್ಲ. ಆದರೂ ಆ ಒಂದು ಗೇಣನ್ನು ದೇಸಾಯಿ ಸರ್ ಕೆಂಪು ಶಾಯಿಯಲ್ಲಿ ಗುರುತು ಮಾಡಿ ಆಫೀಸಿನ ಗೋಡೆಗೆ ಹಚ್ಚುತ್ತಿದ್ದರು. ಅಂಥ ಮೇಲಧಿಕಾರಿ ಮತ್ತೆ ಸಿಗಲಿಲ್ಲ ನನಗೆ. ಅವರು ನಿವೃತ್ತರಾದ ದಿನ ನಾನು ಬೆಳಗಾವಿಯಿಂದ ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತಿದ್ದೇನೆ, ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಅವರ ಜಾಗಕ್ಕೆ ಬಂದವರು ಚುರುಕಿನ ಮನುಷ್ಯ. ಟಿವಿ ಚಾನೆಲ್‌ಗಳು ಆಗ ಹಗಲಿರುಳೂ ಸುದ್ದಿ ಹೇಳಲು ಶುರು ಮಾಡಿದ್ದವು. ಹೊಸಬರಿಗೆ ಅವುಗಳದೇ ಗುಂಗು. ದೇಶದಲ್ಲಿ ಯಾವ ಸುದ್ದಿ ಓಡುತ್ತಿದೆಯೋ ಅದಕ್ಕೆ ನಮ್ಮ ಊರಿನಿಂದ ಒಂದು ಬಾಲ ಜೋಡಿಸಬೇಕು, ಅಷ್ಟೇ ಅವರ ಸೂತ್ರ. ತಿಂಗಳ ಅಳತೆಯನ್ನು ಅವರು ನಿಲ್ಲಿಸಿದರು. ನಾನು ಮಾತ್ರ ಚಟ ಬಿಡಲಾಗದೆ ನನ್ನ ಪಾಡಿಗೆ ಅಳೆಯುತ್ತಿದ್ದೆ.

ಹಾಗೆ ಒಂದು ತಿಂಗಳ ಕೊನೆಯ ದಿನ ಬೆಳಿಗ್ಗೆ ಪತ್ರಿಕೆ ಹರಡಿಕೊಂಡು ಕೂತಿದ್ದಾಗ ಕಾಶವ್ವ ಬಂದಳು. ಉಗಾರ ಬುದ್ರುಕದವಳು, ಎಮ್ಮೆ ಸಾಕಿಕೊಂಡಿದ್ದ ಮನೆ. ಮೂವತ್ತರ ಆಸುಪಾಸಿನ ವಯಸ್ಸು. ಕೈತುಂಬ ಹಸಿರು ಬಳೆ. ಬಾಗಿಲಲ್ಲಿ ನಿಂತು ನನ್ನ ಫೂಟಪಟ್ಟಿಯನ್ನೇ ನೋಡಿದಳು.

"ಏನ ಅಳ್ಯಾಕತ್ತೀರಿ ಅಣ್ಣಾರ? ಅಂಗಿ ಹೊಲೀತೀರೇನ್ರಿ?"

"ಸುದ್ದಿ ಅಳ್ಯಾಕತ್ತೀನವ್ವಾ. ಈ ತಿಂಗಳ ಯಾವ ಸುದ್ದಿ ದೊಡ್ಡದು ಅಂತ."

"ಹಂಗಾರ ನಮ್ಮದೊಂದು ಸುದ್ದಿ ಐತ್ರಿ. ಅದಕ್ಕಿಂತ ದೊಡ್ಡದು ನಮಗ ಯಾವ್ದೂ ಇಲ್ಲ" ಎಂದು ಸೆರಗಿನ ಗಂಟಿನಿಂದ ಒಂದು ಫೋಟೋ ತೆಗೆದಳು.

ಫೋಟೋದಲ್ಲಿದ್ದವನು ಅವಳ ಗಂಡ ಸಿದ್ರಾಮ. ನಾಲ್ಕು ವಾರದ ಹಿಂದೆ ಹೊಳೆ ಏರಿದಾಗ ಅವರ ಚಂದ್ರಿ ಎಂಬ ಎಮ್ಮೆ ಹಗ್ಗ ಹರಿದುಕೊಂಡು ನೀರಿಗೆ ಬಿತ್ತು. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದ ಎಮ್ಮೆ, ಅವನ ಜೀವಕ್ಕೆ ಜೀವ. ಅದನ್ನು ಹಿಡಿಯಲು ಅವನೂ ಹಾರಿದ. ಎಮ್ಮೆ ಮೂರನೆಯ ದಿನ ಕೆಳಗಿನ ಊರಿನ ದಂಡೆ ಹತ್ತಿ, ತಾನಾಗಿಯೇ ನಡೆದುಕೊಂಡು ಮನೆಗೆ ಬಂತು. ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ.

"ಮಂದಿ ಹೋಗ್ಯಾನ ಅಂತಾರ್ರಿ. ಬಳಿ ತಗೀಬೇಕು, ಕುಂಕುಮ ಅಳಿಸ್ಬೇಕು ಅಂತ ಹಿರ್ಯಾರು ಗಂಟ ಬಿದ್ದಾರ. ನಾ ಹ್ಯಾಂಗ ತಗೀಲ್ರಿ? ಎಮ್ಮಿ ಈಸಿ ಬಂದೈತಿ, ಅಂವ ಎಮ್ಮಿಗಿಂತ ಚಲೋ ಈಸತಾನ. ಎಲ್ಲೋ ಅದಾನ. ನೀವು ಪೇಪರಿನ್ಯಾಗ ಹಾಕ್ರಿ. ಯಾರರೆ ನೋಡಿದಾವ್ರು ಕಳಸ್ತಾರ."

ನಾನು ಹನ್ನೆರಡು ಸಾಲು ಬರೆದೆ. ಎತ್ತರ, ಮೈಬಣ್ಣ, ಎಡಗೈ ಮೇಲೆ ಚೇಳಿನ ಹಚ್ಚೆ. ಒಳಪುಟದಲ್ಲಿ ಬಂತು. ಜಾಧವನೂ ಮರಾಠಿಯಲ್ಲಿ ಹಾಕಿಸಿದ, ತನ್ನ ಫೋನ್ ನಂಬರನ್ನೂ ಕೊಟ್ಟ. ಹೊಳೆಯಲ್ಲಿ ಹೋದವರ ಸುದ್ದಿ ಎರಡೂ ದಂಡೆಯಲ್ಲಿ ಬರಬೇಕು ಎಂಬುದು ನಮ್ಮಿಬ್ಬರ ಹಳೆಯ ರೂಢಿ.

ಆ ಮುಂದಿನ ತಿಂಗಳು ದೇಶಕ್ಕೆಲ್ಲ ಒಂದು ಮದುವೆಯ ಹುಚ್ಚು ಹಿಡಿಯಿತು. ಸಿನಿಮಾದವರ ಮದುವೆ. ವರ ಯಾರು, ವಧು ಯಾರು, ಊಟಕ್ಕೆ ಏನು, ಕುದುರೆಯ ಬಣ್ಣ ಯಾವುದು, ಬೆಳಗಾದರೆ ಅದೇ. ಮುಖಪುಟದಲ್ಲಿ ಹೊಳೆಯ ಸುದ್ದಿ ಒಂದು ವಾರದಲ್ಲಿ ಒಳಗೆ ಸರಿದು, ಎರಡನೆಯ ವಾರ ಪತ್ತೆಯೇ ಇಲ್ಲದಾಯಿತು. ನಮ್ಮ ಕಡೆ ಇನ್ನೂ ಗೋಡೆ ಒಣಗಿರಲಿಲ್ಲ.

ಆ ತಿಂಗಳ ನಡುವೆ ಒಂದು ಬೆಳಿಗ್ಗೆ ಜಾಧವನ ಫೋನ್ ಬಂತು. "ಮುಲ್ಲಾ, ಆಜಚ್ ನಿಘ್! ಇವತ್ತ ಹೊರಡು. ಮಿರಜ್ ಆಚೆ, ತಾಸಗಾಂವ ಕಡೆ ಒಂದ ಸಣ್ಣ ದವಾಖಾನಿಯಿಂದ ಆಯಾ ಬಾಯಿ ಪೇಪರ್ ನೋಡಿ ಫೋನ್ ಮಾಡಿದ್ಲು. ಹೊಳಿ ಇಳಿಯೂ ಹೊತ್ತಿಗೆ ಮೇವಿನ ಲಾರಿಯವರು ಹೊಳೀದಂಡಿ ರಸ್ತಾದಾಗ ಬಿದ್ದಾವನ್ನ ಎತ್ತಿ ಒಯ್ದು ಅಲ್ಲಿ ಹಾಕ್ಯಾರ. ತಲಿಗೆ ಪೆಟ್ಟಾಗೇತಿ. ಕನ್ನಡ ಬಿಟ್ರ ಏನೂ ಬರೂದಿಲ್ಲ, ಅಲ್ಲಿ ಯಾರಿಗೂ ಕನ್ನಡ ಬರೂದಿಲ್ಲ. ಎಡಗೈ ಮ್ಯಾಲೆ ಚೇಳ ಐತಿ. ನನಗ ಇವತ್ತ ಮಗಳ ನಿಶ್ಚಯ, ಇಲ್ಲಾಂದ್ರ ನಾನ ಹೋಗ್ತಿದ್ದೆ."

ನಾನು ಅಂಗಿ ಹಾಕಿಕೊಂಡೆ. ಚಪ್ಪಲಿ ಮೆಟ್ಟುವಾಗ ಮತ್ತೆ ಫೋನ್ ಬಡಿಯಿತು. ಹೊಸ ಸಂಪಾದಕರು. "ಮುಲ್ಲಾ, ಮದುಮಗಳು ಉಟ್ಟ ಆ ದಾಳಿಂಬೆ ಬಣ್ಣದ ಸೀರೆ ಎಲ್ಲ ಕಡೆ ಭಾರೀ ಖರ್ಚಾಗ್ತಿದೆಯಂತೆ. ನಿಪ್ಪಾಣಿ ಬಟ್ಟೆ ಅಂಗಡಿಗಳಿಗೆ ಹೋಗಿ ಒಂದು ಬರಹ ಮಾಡಿ, ಇವತ್ತೇ ಬೇಕು. ಮುಖಪುಟ, ಇಡೀ ರಾಜ್ಯದ ಆವೃತ್ತಿ. ನಿಮ್ಮ ಹೆಸರು ಹಾಕ್ತೀನಿ."

ಇಪ್ಪತ್ತು ವರ್ಷಕ್ಕೆ ಹತ್ತಿರ ದುಡಿದಿದ್ದೆ. ನನ್ನ ಹೆಸರು ಒಮ್ಮೆಯೂ ಬೆಳಗಾವಿ ಜಿಲ್ಲೆ ದಾಟಿರಲಿಲ್ಲ. ಮುಖಪುಟದಲ್ಲಂತೂ ಕನಸಿನಲ್ಲೂ ಬಂದಿರಲಿಲ್ಲ. ಬಾಗಿಲಲ್ಲಿ ನಿಂತು ನಾನು ನನಗೇ ಸಮಾಧಾನ ಹೇಳಿಕೊಂಡೆ. ದವಾಖಾನೆಯಲ್ಲಿ ಇದ್ದವನು ಎಲ್ಲಿ ಓಡಿ ಹೋಗುತ್ತಾನೆ, ನಾಳೆ ಹೋದರಾಯಿತು. ಉಗಾರಕ್ಕೆ ಸುದ್ದಿ ಮುಟ್ಟಿಸೋಣವೇ ಎಂದೂ ಯೋಚಿಸಿದೆ. ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳದೆ ಹೇಳಬಾರದು, ಅದು ನಮ್ಮ ವೃತ್ತಿಯ ಮೊದಲ ಪಾಠ ಎಂದು ಸುಮ್ಮನಾದೆ. ಪಾಠ ಸರಿಯಾದದ್ದೇ. ಆವತ್ತು ಅದನ್ನು ನಾನು ನನ್ನ ಅನುಕೂಲಕ್ಕೆ ನೆನಪಿಸಿಕೊಂಡೆ.

ನಿಪ್ಪಾಣಿ ಬಸ್ಸು ಹತ್ತಿದೆ. ಇಡೀ ದಿನ ಅಂಗಡಿ ಅಂಗಡಿ ತಿರುಗಿದೆ. "ಆ ಬಣ್ಣ ಎರಡ ದಿನದಾಗ ಖಾಲಿ ಆತ್ರಿ ಸಾಹೇಬ್ರ, ಕೊಲ್ಹಾಪುರದಿಂದ ಮತ್ತ ತರಸಾಕತ್ತೀವಿ" ಎಂದು ಅಂಗಡಿಯವರು ಸೀರೆ ಬಿಚ್ಚಿ ಬಿಚ್ಚಿ ತೋರಿಸಿದರು. ಚಂದ ಬರೆದು ಅಲ್ಲಿಂದಲೇ ಫ್ಯಾಕ್ಸ್ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಖುಷಿಯಿಂದಲೇ ಬರೆದೆ.

ಮರುದಿನ ಮುಖಪುಟದಲ್ಲಿ ನಾಲ್ಕು ಕಾಲಂ, ಬಣ್ಣದ ಚಿತ್ರ, ಕೆಳಗೆ "ದಸ್ತಗೀರ ಮುಲ್ಲಾ". ಎರಡು ಪ್ರತಿ ಹೆಚ್ಚಿಗೆ ಕೊಂಡು ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೆ ಮಿರಜ್, ಅಲ್ಲಿಂದ ಮುಂದೆ ಇನ್ನೆರಡು ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಆ ದವಾಖಾನೆ ಮುಟ್ಟಿದೆ. ಆಯಾ ಬಾಯಿ ಖಾಲಿ ಕಾಟು ತೋರಿಸಿದಳು.

"ಕಾಲ್ ಸಂಧ್ಯಾಕಾಳೀ ಗೇಲಾ ಕೀ ಹೋ." ನಿನ್ನೆ ಸಂಜೆ ಹೋಗಿಬಿಟ್ಟನಂತೆ. ಯಾರಿಗೂ ಹೇಳದೆ, ಊಟದ ಹೊತ್ತಿನಲ್ಲಿ ತಾನೇ ಎದ್ದು ನಡೆದಿದ್ದ. ನಾನು ಫೋಟೋ ತೋರಿಸಿದೆ. ಹೌದು, ಇವನೇ ಎಂದಳು. ಅವನು ಬಂದವರೆಲ್ಲರ ಕೈ ಹಿಡಿದು ಒಂದೇ ಮಾತು ಕೇಳುತ್ತಿದ್ದನಂತೆ. ಅವಳಿಗೆ ಅರ್ಥ ಗೊತ್ತಿಲ್ಲ. ಕೇಳಿ ಕೇಳಿ ಬಾಯಿಪಾಠ ಆಗಿತ್ತು, ಹಾಗೆಯೇ ಒಪ್ಪಿಸಿದಳು:

"ಚಂದ್ರಿ ಮನಿಗೆ ಬಂತೇನ? ಚಂದ್ರಿ ಮನಿಗೆ ಬಂತೇನ?"

ಬಂದಿತ್ತು. ಮೂರನೆಯ ದಿನವೇ ಬಂದಿತ್ತು. ಆ ಮಾತು ಗೊತ್ತಿದ್ದೂ ಅವನ ಹತ್ತಿರ ಹೋಗಿ ಹೇಳಬಹುದಾಗಿದ್ದವನು ನಾನೊಬ್ಬನೇ. ಅವನು ಕೇಳುತ್ತಿದ್ದ ಹೊತ್ತಿನಲ್ಲಿ ನಾನು ನಿಪ್ಪಾಣಿಯಲ್ಲಿ ಕೂತು ಸೀರೆಯ ಸೆರಗು ಮುಟ್ಟಿ ನೋಡುತ್ತಿದ್ದೆ. ಆ ಕಾಟಿನ ಮೇಲೆ ಕೂತೆ. ಆಯಾ ಬಾಯಿ ನೀರು ತಂದು ಕೊಟ್ಟಳು.

ನಾನೂ ಜಾಧವನೂ ಎಂಟು ದಿನ ಹುಡುಕಿದೆವು. ಬಸ್ ಸ್ಟ್ಯಾಂಡುಗಳು, ಪೊಲೀಸ್ ಚೌಕಿಗಳು, ಪಂಢರಪುರದ ದಾರಿಯ ಧರ್ಮಶಾಲೆಗಳು, ಒಂದನ್ನೂ ಬಿಡಲಿಲ್ಲ. ಎಮ್ಮೆ ಹುಡುಕುತ್ತ ಯಾವ ದಾರಿ ಹಿಡಿದನೋ. ಸಿಕ್ಕ ಮೇಲೆ ಕಾಶವ್ವನಿಗೆ ಹೇಳೋಣ, ಬರಿಗೈಲಿ ಯಾಕೆ ಹೋಗುವುದು ಎಂದುಕೊಂಡೆ. ಜಾಧವ ಬೇಡವೆಂದ. "ಮೊದ್ಲ ಆಕೀಗೆ ಹೇಳಪಾ, ಆಕಿ ಸುದ್ದಿ ಅದು" ಅಂದ. ನಾನು ಕೇಳಲಿಲ್ಲ.

ತಿಂಗಳ ಕೊನೆಯ ದಿನ ಅವಳೇ ಬಂದಳು. ನಾನು ನೆಲದ ಮೇಲೆ ಪತ್ರಿಕೆ ಹರಡಿದ್ದೆ. ಮದುವೆಯ ಮುಂದೆ ಮಿಕ್ಕದ್ದೆಲ್ಲ ಮೂಲೆ ಸೇರಿತ್ತು. ಅವಳ ಕೈ ನೋಡಿದೆ. ಬಳೆ ಇರಲಿಲ್ಲ, ಹಣೆಯೂ ಬರಿದಾಗಿತ್ತು.

"ಹಿರ್ಯಾರು ಕೇಳಲಿಲ್ರಿ. ಹತ್ತ ದಿನ ಆತು" ಅಂದಳು. ಆಮೇಲೆ ಮೆಲ್ಲಗೆ, "ಈ ತಿಂಗಳ ನಮ್ಮದು ಎಷ್ಟ ಬಂತ್ರಿ ಅಣ್ಣಾರ?" ಎಂದು ಕೇಳಿದಳು.

ಹತ್ತು ದಿನ. ಆಯಾ ಬಾಯಿಯ ಫೋನ್ ಬಂದು ಹದಿನೈದು ದಿನವಾಗಿತ್ತು. ಬಾಯಿ ತೆರೆದೆ. ಈಗ ಹೇಳಿದರೆ, ಗಂಡ ಜೀವಂತ ಇದ್ದಾಗಲೇ ನಿನ್ನ ಬಳೆ ಒಡೆದರು, ಅದು ನನ್ನಿಂದ ಎಂದು ಹೇಳಿದಂತೆ. ಹೇಳಲಾಗಲಿಲ್ಲ.

"ಏನೂ ಬರಲಿಲ್ಲವ್ವಾ" ಅಂದೆ.

"ಇರ್ಲಿ ಬಿಡ್ರಿ. ಇನ್ನ ಬರೂದಿಲ್ಲ ನಾ. ನಿಮಗ ಸುಮ್ನ ತ್ರಾಸು" ಎಂದು ಕೈಮುಗಿದು ಹೋದಳು. ಆವತ್ತಿನಿಂದ ನಾನು ಫೂಟಪಟ್ಟಿ ಮುಟ್ಟಲಿಲ್ಲ.

ಆಮೇಲೆ ಏನೇನೋ ಆಯಿತು. ಫ್ಯಾಕ್ಸ್ ಹೋಯಿತು, ಇಮೇಲ್ ಬಂತು, ವಾಟ್ಸಾಪ್ ಬಂತು. ಕ್ಯಾಂಟೀನು ಕೆಡವಿ ಹೊಸ ಸ್ಟ್ಯಾಂಡು ಕಟ್ಟಿದರು. ಈಗಿನ ಹುಡುಗಿಯೊಬ್ಬಳು ನನಗೆ ತನ್ನ ಮೊಬೈಲು ತೋರಿಸಿದಳು. ಯಾವ ಸುದ್ದಿಯನ್ನು ಈ ಗಳಿಗೆಯಲ್ಲಿ ದೇಶದಲ್ಲಿ ಎಷ್ಟು ಮಂದಿ ನೋಡುತ್ತಿದ್ದಾರೆ ಎಂದು ಅದೇ ಹೇಳುತ್ತದಂತೆ. "ಇತರೆ ಎಲ್ಲೈತವ್ವಾ ಇದರಾಗ?" ಎಂದು ಕೇಳಿದೆ. ಪಾಪ, ಬಹಳ ಹುಡುಕಿದಳು. "ಹಂಗೇನೂ ಇಲ್ರಿ ಸರ್" ಅಂದಳು.

ಜಾಧವ ಹೋದ ವರ್ಷ ತೀರಿಕೊಂಡ. ಅದಕ್ಕೆ ವಾರದ ಮುಂಚೆ ನಿಪ್ಪಾಣಿಗೆ ಹೋಗಿ ಅವನ ಪಕ್ಕ ಕೂತಿದ್ದೆ. ಕೈ ಹಿಡಿದುಕೊಂಡು ಹಳೆಯದನ್ನೆಲ್ಲ ತೆಗೆದು ನಕ್ಕ. "ನಿಮ್ಮ ರಾಜ್ಯ ಯಾವುದ್ರಿ?" ಎಂದು ದೇಸಾಯಿ ಸರ್ ದನಿಯಲ್ಲಿ ಅಣಕಿಸಿದ. ನಗು ನಿಂತ ಮೇಲೆ ನನ್ನನ್ನೇ ನೋಡಿ ಕೇಳಿದ:

"ಅಜೂನ್ ಸಾಂಗಿತಲಂ ನಾಹೀಸ್? ಇನ್ನೂ ಹೇಳಿಲ್ಲೇನಲೇ ಆಕೀಗೆ?"

ತಲೆ ಅಲ್ಲಾಡಿಸಿದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ಊರೊಳಗೆ ಯಾವುದಾದರೂ ಸುದ್ದಿ ಕೇಳಿದ ಕೂಡಲೇ ಇದನ್ನು ಜಾಧವನಿಗೆ ಕೊಡಬೇಕು ಎಂದು ಕೈ ಫೋನಿನ ಕಡೆ ಹೋಗುತ್ತದೆ. ಆಮೇಲೆ ನೆನಪಾಗುತ್ತದೆ.

ಹೋದ ತಿಂಗಳು ಉಗಾರಕ್ಕೆ ಹೋದೆ. ಮಧ್ಯಾಹ್ನ ಮೂರರ ಹೊತ್ತು. ಕಾಶವ್ವ ದನದ ಕೊಟ್ಟಿಗೆಯಲ್ಲಿ ಹಿಂಡಿ ಕಲಸುತ್ತಿದ್ದಳು. ಕೂದಲು ನೆರೆತಿದೆ, ನಡಿಗೆ ಅದೇ. "ಅಯ್ಯ, ಫೂಟಪಟ್ಟಿ ಅಣ್ಣಾರ! ಬರ್ರಿ, ಬರ್ರಿ" ಎಂದು ಗುರುತು ಹಿಡಿದಳು. ಚಹಾ ಕೊಟ್ಟು ಮತ್ತೆ ಹಿಂಡಿಗೆ ಕೈ ಹಾಕಿದಳು. ನಾನು ಚಹಾ ಮುಟ್ಟದೆ, ತಲೆ ಎತ್ತದೆ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಜಾಧವನ ಫೋನು, ಸೀರೆಯ ಬರಹ, ನನ್ನ ಹೆಸರು, ಖಾಲಿ ಕಾಟು. ಹೇಳಿ ಮುಗಿಸಿ, "ಮಾಫ ಮಾಡವ್ವಾ ತಂಗೆವ್ವಾ" ಎಂದೆ.

ಅವಳು ಹಿಂಡಿಯ ಕೈಯನ್ನು ಹಾಗೇ ಹಿಡಿದುಕೊಂಡು ಕೂತಿದ್ದಳು. ನನ್ನ ಕಡೆ ಬಾಗಿ ಕೇಳಿದಳು:

"ಅಂದ್ರ ಅಂವ ಹೊಳ್ಯಾಗ ಹೋಗಿಲ್ಲ?"

"ಇಲ್ಲವ್ವಾ."

"ಎದ್ದು ನಡದಾನು?"

"ತಾನ ಎದ್ದು ನಡದಾನ."

"ಮಾತಾಡತಿದ್ನ್ಯಾ? ಏನಂತಿದ್ದಾ?"

"ಚಂದ್ರಿ ಮನಿಗೆ ಬಂತೇನ ಅಂತ ಎಲ್ಲಾರ್ನೂ ಕೇಳ್ತಿದ್ನಂತ."

ಅವಳು ಒಮ್ಮೆಲೇ ನಕ್ಕುಬಿಟ್ಟಳು. "ನನ್ನ ಕೇಳಿಲ್ಲ ನೋಡ್ರಿ, ಎಮ್ಮಿ ಕೇಳ್ಯಾನ! ಅಂವನ ಬಿಡ್ರಿ, ಅಂವನ, ಬ್ಯಾರೆ ಯಾರೂ ಅಲ್ಲ!" ನಗುತ್ತ ನಗುತ್ತಲೇ ಅಳು ಬಂತು. ಹಿಂಡಿಯ ಕೈಯಿಂದಲೇ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಾಗ ಅವಳ ಮುಖದಲ್ಲಿ ಸಿಟ್ಟಿತ್ತು. ಬೈಸಿಕೊಳ್ಳಲು ನಾನು ತಯಾರಾಗಿಯೇ ಹೋಗಿದ್ದೆ. ಆದರೆ ಅವಳು ಬೈದದ್ದು ನಾನು ಅಂದುಕೊಂಡದ್ದಕ್ಕಲ್ಲ.

"ನೀವು ಹೋಗಲಿಲ್ಲ, ಅದು ನಿಮ್ಮ ಪಾಪ, ನಿಮ್ಮ ದೇವರು ನೋಡ್ಕೋತಾನ. ಆದ್ರ ಇಷ್ಟ ವರ್ಷ ಇಂಥಾ ಸುದ್ದಿ ಹೊಟ್ಟ್ಯಾಗ ಇಟ್ಕೊಂಡ ಕುಂತ್ರ್ಯಾ? ಹೊಳೀ ಕಡೆ ನೋಡಿದಾಗೆಲ್ಲಾ ಅಂವ ನೀರ ಕುಡದು ಕುಡದು ಸತ್ತಾನ ಅಂತ ಸಂಕಟ ಪಟ್ಟೀನ್ರಿ ನಾ. ದಿನಾ ಪಟ್ಟೀನಿ. ನೀವು ಸುದ್ದಿ ಬರ್ಯಾವ್ರು, ನಿಮ್ಮ ಬಾಯಿಗೆ ಏನಾಗಿತ್ರಿ?"

ನನ್ನ ತಪ್ಪನ್ನೇ ಇಷ್ಟು ವರ್ಷ ದೊಡ್ಡದೆಂದು ಅಳೆದುಕೊಂಡು ಕೂತವನು ನಾನು. ಅದರೊಳಗೆ ಅವಳಿಗೆ ಸೇರಿದ ಸುದ್ದಿಯೊಂದಿದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ. ಜಾಧವನಿಗೆ ಮೊದಲ ದಿನವೇ ಹೊಳೆದಿತ್ತು.

ಅವಳು ಎದ್ದು ಗೋದಲಿಯ ಕಡೆ ಕೈ ತೋರಿಸಿದಳು. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದ ಎಮ್ಮೆಯೊಂದು ಮೇಯುತ್ತಿತ್ತು. "ಚಂದ್ರೀದು ಮೊಮ್ಮಗಳು" ಅಂದಳು. ಆಮೇಲೆ, "ಮಾಫ ಮಾಡೂದು ಆಮ್ಯಾಲೆ ನೋಡೂಣು. ಮೊದ್ಲ ಬರೀರಿ" ಅಂದಳು.

"ಎಲ್ಲಿ ಬರೀಲವ್ವಾ? ನಮ್ಮ ಪೇಪರ್ ಮುಚ್ಚೇತಿ."

"ಎಲ್ಲರೆ ಬರೀರಿ. ಒಂದ ಗೆರಿ ಸಾಕು. ಎಲ್ಲೋ ಯಾರೋ ಓದಿ ಅಂವಗ ಹೇಳತಾರ. ಅಂವ ಕೇಳಿದ್ದಕ್ಕ ಯಾರೂ ಉತ್ತರ ಕೊಟ್ಟಿಲ್ಲ, ಕೊಡ್ರಿ."

ವೃತ್ತಿಗೆ ಬರುವವರಿಗೆ ನಾನು ಉಪದೇಶ ಹೇಳುವ ಯೋಗ್ಯತೆ ಉಳಿಸಿಕೊಂಡಿಲ್ಲ. ಕಾಶವ್ವ ಒಪ್ಪಿಸಿದ ಸುದ್ದಿಯನ್ನು ಮಾತ್ರ ನಾವು ಹಿಂದೆ ಬರೆಯುತ್ತಿದ್ದ ಹಾಗೆಯೇ ಬರೆದಿದ್ದೇನೆ. ನಿಮ್ಮ ಕೈಯಲ್ಲಿ ಯಾವ ಪತ್ರಿಕೆ, ಯಾವ ಮೊಬೈಲು ಇದ್ದರೂ ಇದಕ್ಕೆ ಒಂದಿಷ್ಟು ಜಾಗ ಕೊಡಿ. ಮರಾಠಿ ಬಲ್ಲವರು ಆ ದಂಡೆಗೂ ಮುಟ್ಟಿಸಿ. ಆ ಕೆಲಸ ಮಾಡುತ್ತಿದ್ದವನು ಈಗಿಲ್ಲ.

ಉಗಾರ ಬುದ್ರುಕ: ಕೃಷ್ಣಾ ನದಿಯ ಪ್ರವಾಹದಲ್ಲಿ ಮೃತಪಟ್ಟರೆಂದು ತಿಳಿಯಲಾಗಿದ್ದ ಇಲ್ಲಿಯ ಸಿದ್ರಾಮ ಎಂಬವರು ಪ್ರವಾಹ ಇಳಿದ ನಂತರವೂ ಜೀವಂತವಾಗಿದ್ದರೆಂದು ತಡವಾಗಿ ತಿಳಿದುಬಂದಿದೆ. ಎಡಗೈ ಮೇಲೆ ಚೇಳಿನ ಹಚ್ಚೆ ಇದೆ. ಅವರು ಎಲ್ಲಿಯೇ ಇದ್ದರೂ ಕಂಡವರು ಈ ಮಾತು ತಿಳಿಸಬೇಕೆಂದು ಪತ್ನಿ ಕಾಶವ್ವ ಕೋರಿದ್ದಾರೆ: ಚಂದ್ರಿ ಮೂರನೆಯ ದಿನವೇ ಮನೆಗೆ ಬಂದಿದೆ.